ಹೊರಬಾರದ ಹಾಡಿನ ಒಡೆತನ

ಗಾಯಕನು ಹಾಡಿದುದೆಲ್ಲವೂ ಲೋಕಕ್ಕೆ ಸಲ್ಲತಕ್ಕುದೋ, ಅವನು ತಾನಾಗಿ ಲೋಕದ ಮುಂದಿಟ್ಟುದು ಮಾತ್ರ ಸಲ್ಲತಕ್ಕುದೋ ಎಂಬ ಪ್ರಶ್ನೆಯು ಹಿಂದಿನವರನ್ನು ಕಾಡಿರಲಾರದು. ಅಂದಿನ ಹಾಡು ಹಾಡಿದ ಗಳಿಗೆಯಲ್ಲಿಯೇ ಗಾಳಿಯಲ್ಲಿ ಲೀನವಾಗುತ್ತಿತ್ತು. ಕೇಳಿದವರ ನೆನಪೊಂದೇ ಅದಕ್ಕೆ ಭಂಡಾರವಾಗಿತ್ತು. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲಶಾಹನು ಸಂಗೀತದ ಪರಮ ವ್ಯಾಮೋಹಿ. ತೊರವಿಯ ಬಳಿಯಲ್ಲಿ ನವರಸಪುರವೆಂಬ ಪಟ್ಟಣವನ್ನು ಕಟ್ಟಿಸಿದ ಆ ಸುಲ್ತಾನನು ತಾನು ರಚಿಸಿದ ಗೀತಗಳನ್ನು ರಾಗರಾಗಗಳ ಹೆಸರಿನಡಿಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಗ್ರಂಥದಲ್ಲಿ ಇರಿಸಿದನು. ಗ್ರಂಥವು ಉಳಿದಿದೆ, ರಾಗಗಳ ಹೆಸರೂ ಉಳಿದಿದೆ. ಅವುಗಳನ್ನು ಹಾಡಿದ ಕಂಠವೊಂದೂ ಉಳಿದಿಲ್ಲ.

1902ನೆಯ ಇಸವಿಯಲ್ಲಿ ಕಲಕತ್ತೆಯಲ್ಲಿ ಗೌಹರ ಜಾನಳು ಧ್ವನಿಗ್ರಹಣದ ಕೊಳವೆಯ ಮುಂದೆ ನಿಂತು ಹಾಡಿದಂದಿನಿಂದ ಈ ಸ್ಥಿತಿಯು ಬದಲಾಯಿತು. ಮೈಸೂರಿನ ಆಸ್ಥಾನವಿದುಷಿಯಾಗಿ 1930ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದ ಆಕೆಯ ಕಂಠವು ಇಂದಿಗೂ ಕೇಳಿಬರುತ್ತದೆ. ಹೀಗೆ ಧ್ವನಿಯು ದೇಹವನ್ನು ಬಿಟ್ಟು ಬಾಳತೊಡಗಿದ ಮೇಲೆ, ಅದರ ಒಡೆಯರು ಯಾರೆಂಬ ಪ್ರಶ್ನೆಯೂ ಹುಟ್ಟಿಕೊಂಡಿತು. ಕಲಾವಿದರು ಬದಿಗಿಟ್ಟ, ಅಥವಾ ಎಂದೂ ಮಾರಾಟಕ್ಕೆ ಬಾರದಿದ್ದ ಮುದ್ರಣಗಳನ್ನು ಒಟ್ಟುಗೂಡಿಸಿ ‘ಅಪೂರ್ವ ಸಂಗ್ರಹ’ವೆಂಬ ಹೆಸರಿನಿಂದ ಹೊರತರುವ ಪದ್ಧತಿಯು ಇಂದು ಎಲ್ಲ ದೇಶಗಳಲ್ಲಿಯೂ ಬೇರೂರಿದೆ. ಕೇಳುವವರಿಗೆ ಅದು ಹಬ್ಬವೇ ಸರಿ. ಆದರೆ ಹಾಡಿದವರಿಗೆ ಅದು ನ್ಯಾಯವೋ ಅಲ್ಲವೋ ಎಂಬುದನ್ನು ವಿಚಾರಿಸಬೇಕಾಗಿದೆ.

ಅಮೆರಿಕೆಯ ಒಂದು ಉದಾಹರಣೆಯು ಈ ತೊಡಕನ್ನು ಸ್ಪಷ್ಟವಾಗಿ ತೋರಿಸುತ್ತದೆ. ಬೌದ್ಧರ ಮಾತನ್ನೇ ಹೆಸರಾಗಿ ಇಟ್ಟುಕೊಂಡು, ಸಣ್ಣದೊಂದು ಸ್ವತಂತ್ರ ಸಂಸ್ಥೆಯ ಮೂಲಕ ಮೊದಲು ಬೆಳಕಿಗೆ ಬಂದ ‘ನಿರ್ವಾಣ’ ಎಂಬ ರಾಕ್ ಗಾಯಕಮೇಳವು 1992ರ ಡಿಸೆಂಬರದಲ್ಲಿ ತನ್ನ ಬಿಡಿ ಹಾಡುಗಳನ್ನೂ, ಅಭ್ಯಾಸದ ಮುದ್ರಣಗಳನ್ನೂ, ರೇಡಿಯೋದಲ್ಲಿ ಹಾಡಿದವನ್ನೂ ಕೂಡಿಸಿ ‘ಇನ್‌ಸೆಸ್ಟಿಸೈಡ್’ ಎಂಬ ಸಂಗ್ರಹವನ್ನು ಪ್ರಕಟಿಸಿತು. ಅದರ ಮುಖಚಿತ್ರವನ್ನು ಮೇಳದ ನಾಯಕನಾದ ಕರ್ಟ್ ಕೊಬೇನನೇ ಬರೆದನು. 1994ರಲ್ಲಿ ಆತನು ತೀರಿಕೊಂಡನು. ಹತ್ತು ವರ್ಷಗಳ ತರುವಾಯ, 2004ರಲ್ಲಿ, ‘ವಿತ್ ದ ಲೈಟ್ಸ್ ಔಟ್’ ಎಂಬ ದೊಡ್ಡ ಪೆಟ್ಟಿಗೆಯು ಹೊರಬಂದಿತು. ಆತನು ಮನೆಯಲ್ಲಿ ಒಬ್ಬನೇ ಕುಳಿತು ಗುನುಗಿದ ಅರೆಬರೆ ಹಾಡುಗಳೂ ಅದರಲ್ಲಿ ಸೇರಿದ್ದವು. ಎರಡೂ ಅಪೂರ್ವ ಸಂಗ್ರಹಗಳೇ. ಮೊದಲನೆಯದರಲ್ಲಿ ಹಾಡಿದವನೇ ತನ್ನ ಕಣಜದ ಬಾಗಿಲನ್ನು ತೆರೆದನು. ಎರಡನೆಯದರಲ್ಲಿ ಬೀಗದ ಕೈ ಬೇರೆಯವರ ಕೈಗೆ ಬಂದಿತ್ತು. ಕೇಳುವ ಕಿವಿಗೆ ಈ ಭೇದವು ತೋರದು. ಧರ್ಮದ ದೃಷ್ಟಿಗೆ ಇದು ಸಣ್ಣದಲ್ಲ.

ಹಾಡೊಂದು ಹೊರಬಾರದೆ ಉಳಿಯುವುದಕ್ಕೆ ಕಾರಣಗಳು ಹಲವು. ಅವುಗಳನ್ನು ಬೇರ್ಪಡಿಸದೆ ತೀರ್ಪು ಕೊಡುವುದು ಸಲ್ಲದು. ಮೊದಲನೆಯದು ಹೊರಗಿನ ನಿರ್ಬಂಧ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹತ್ತಂಗುಲದ ಗ್ರಾಮೋಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷಗಳಿಗಿಂತ ತುಸು ಹೆಚ್ಚಿನ ಹಾಡು ಮಾತ್ರ ಹಿಡಿಯುತ್ತಿತ್ತು. ಬೈಠಕಿನಲ್ಲಿ ಒಂದು ರಾಗವನ್ನು ಗಂಟೆಗಟ್ಟಲೆ ವಿಸ್ತರಿಸುವ ಖಯಾಲ್ ಗಾಯಕನಿಗೆ ಇದು ಸಮುದ್ರವನ್ನು ಗಿಂಡಿಯಲ್ಲಿ ತುಂಬೆಂದಂತೆ. ಮಿರಜೆಯಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರೂ, ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರೂ ಈ ಗಿಂಡಿಯಲ್ಲಿಯೇ ತಮ್ಮ ಗಾನವನ್ನು ತುಂಬಿಕೊಟ್ಟರು. ಇದಲ್ಲದೆ ಯಾವುದು ಮಾರಾಟವಾದೀತು, ಯಾವುದು ಆಗದು ಎಂದು ನಿರ್ಣಯಿಸುವವರು ಕಂಪನಿಯ ವ್ಯಾಪಾರಿಗಳು. ಇಂಥ ಕಾರಣಗಳಿಂದ ಮೂಲೆ ಸೇರಿದ ಹಾಡನ್ನು ಹೊರತಂದರೆ ಗಾಯಕನ ಇಚ್ಛೆಯನ್ನು ಮುರಿದಂತಾಗುವುದಿಲ್ಲ. ಅವನನ್ನು ಅಡ್ಡಗಟ್ಟಿದ ಬೇಲಿಯನ್ನು ತೆಗೆದಂತಾಗುತ್ತದೆ. ಆಕಾಶವಾಣಿಯು ತನ್ನ ಸಂಗ್ರಹಾಲಯದಲ್ಲಿದ್ದ ದೊಡ್ಡ ಗಾಯಕರ ದೀರ್ಘ ಗಾಯನಗಳನ್ನು ಆಯ್ದು ಪ್ರಕಟಿಸಿದುದು ಈ ಬಗೆಯ ಉಪಕಾರ. ಅವರು ರೇಡಿಯೋದಲ್ಲಿ ಹಾಡಿದುದೇ ಲೋಕವು ಕೇಳಲೆಂದು.

ಎರಡನೆಯದು ಕಾಲದ ಕಾರಣ: ಒಮ್ಮೆ ಹೊರಬಂದು ಬಳಿಕ ಮರೆಯಾದುದು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಕೊಟ್ಟ ತಟ್ಟೆಗಳಲ್ಲಿ ತೆಳುವಾದ, ಎತ್ತರದ ಹೆಣ್ಣು ಕಂಠವಿದೆ. ಮುಂದೆ ಗಂಟಲಿನ ಚಿಕಿತ್ಸೆಯಾದ ಬಳಿಕ ಅವರ ಧ್ವನಿಯು ಗಂಭೀರವಾಗಿ ತಿರುಗಿತು. ನಾಡೆಲ್ಲವೂ ಪ್ರೀತಿಸಿದುದು ಆ ಎರಡನೆಯ ಧ್ವನಿಯನ್ನು. ಹಳೆಯ ತಟ್ಟೆಯನ್ನು ಹೆಸರು ಇಸವಿಗಳಿಲ್ಲದೆ ಕೇಳಿಸಿದರೆ ಅದು ಬೇರೊಬ್ಬರ ಹಾಡೆಂದೇ ಜನರು ತಿಳಿದಾರು. ಇಸವಿಯೊಡನೆ ಕೇಳಿಸಿದರೆ, ಕಳೆದುಹೋದ ಕಂಠಕ್ಕಾಗಿ ಅಳುತ್ತ ಕೂಡದೆ ಹೊಸ ಕಂಠದಲ್ಲಿಯೇ ರಾಗವನ್ನು ಕಟ್ಟಿದ ಒಬ್ಬ ಧೀರೆಯ ಚರಿತ್ರೆಯೇ ಅಲ್ಲಿ ತೆರೆದುಕೊಳ್ಳುತ್ತದೆ. ಸಂಗ್ರಹಕಾರನು ಕೊಡುವ ನಾಲ್ಕು ಸಾಲಿನ ಟಿಪ್ಪಣಿಯು ಅಲಂಕಾರಕ್ಕೆ ಇರತಕ್ಕುದಲ್ಲ. ಸತ್ಯವೂ ಅಸತ್ಯವೂ ಅದರಲ್ಲಿಯೇ ಅಡಗಿವೆ.

ಮೂರನೆಯದು ಕಲಾವಿದನ ಸ್ವಂತ ನಿರ್ಧಾರ. ಕಠಿಣವಾದ ಪ್ರಶ್ನೆಯು ಇರುವುದು ಇಲ್ಲಿಯೇ. ಮಲ್ಲಿಕಾರ್ಜುನ ಮನ್ಸೂರರ ಗುರುಗಳಾದ ಮಂಜೀಖಾನ, ಭುರ್ಜೀಖಾನರ ತಂದೆ ಅಲ್ಲಾದಿಯಾ ಖಾನರು ತಮ್ಮ ಧ್ವನಿಯನ್ನು ತಟ್ಟೆಗೆ ಕೊಡಲಿಲ್ಲ. ಸುರಬಹಾರವಾದನದಲ್ಲಿ ಅಸಾಮಾನ್ಯರೆನಿಸಿದ ಅನ್ನಪೂರ್ಣಾದೇವಿಯವರು 1950ರ ದಶಕದಲ್ಲಿ ಸಭೆಗಳನ್ನು ಬಿಟ್ಟು, 2018ರಲ್ಲಿ ತೀರಿಕೊಳ್ಳುವವರೆಗೆ ಶಿಷ್ಯರಿಗೆ ವಿದ್ಯೆಯನ್ನು ಕೊಟ್ಟರೇ ಹೊರತು ಲೋಕಕ್ಕೆ ಮುದ್ರಿಕೆಯನ್ನು ಕೊಡಲಿಲ್ಲ. ಆದರೂ ಅವರ ವಾದನದ ಕೆಲವು ಖಾಸಗಿ ಮುದ್ರಣಗಳು ಕೈಯಿಂದ ಕೈಗೆ ಸಾಗಿ ಇಂದು ಯಾರಿಗೆ ಬೇಕಾದರೂ ದೊರೆಯುತ್ತವೆ. ಕೇಳಿದವನ ಕಣ್ಣು ತೇವವಾದರೂ ಆಗಬಹುದು. ಮುಚ್ಚಿದ ಬಾಗಿಲ ಸಂದಿಯಲ್ಲಿ ಇಣುಕಿದವನಿಗೂ ಒಳಗಿನ ಸೌಂದರ್ಯವು ಕಾಣಿಸುತ್ತದೆ. ಆ ಸೌಂದರ್ಯವು ಇಣುಕಿದುದಕ್ಕೆ ಸಮಾಧಾನವಾದೀತೆ?

ಇದಕ್ಕೆ ಎದುರಾಗಿ ಒಂದು ಬಲವಾದ ಮಾತಿದೆ. 1924ರಲ್ಲಿ ತೀರಿಕೊಂಡ ಕಾಫ್ಕನು ತನ್ನ ಹಸ್ತಪ್ರತಿಗಳನ್ನು ಸುಟ್ಟುಬಿಡಬೇಕೆಂದು ಗೆಳೆಯನಾದ ಮ್ಯಾಕ್ಸ್ ಬ್ರಾಡನಿಗೆ ಬರೆದಿಟ್ಟಿದ್ದನು. ಬ್ರಾಡನು ಸುಡಲಿಲ್ಲ, ಮರುವರ್ಷವೇ ‘ವಿಚಾರಣೆ’ ಎಂಬ ಅರ್ಥದ ಕಾದಂಬರಿಯನ್ನು ಅಚ್ಚು ಹಾಕಿಸಿದನು. ಆಜ್ಞೆಯನ್ನು ಪಾಲಿಸಿದ್ದರೆ ಲೋಕವು ಬಡವಾಗುತ್ತಿತ್ತು. ಕಲಾವಿದನು ತನ್ನ ಕೃತಿಗೆ ಯಾವಾಗಲೂ ಒಳ್ಳೆಯ ನ್ಯಾಯಾಧೀಶನಲ್ಲವೆಂಬುದೂ ನಿಜ. ಆದರೆ ಈ ಒಂದು ಉದಾಹರಣೆಯನ್ನು ನಿಯಮವಾಗಿ ಮಾಡಿಕೊಂಡರೆ, ಸತ್ತವರ ಮಾತಿಗೆ ಬೆಲೆಯೇ ಇಲ್ಲದಂತಾಗುತ್ತದೆ. ಬ್ರಾಡನು ಕೂಡ ಗೆಳೆಯನ ಆಜ್ಞೆಯನ್ನು ಮುಚ್ಚಿಡದೆ ಲೋಕಕ್ಕೆ ತಿಳಿಸಿಯೇ ಮೀರಿದನು; ಅಪವಾದವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡನು. ಅಷ್ಟನ್ನೂ ಹೊರಲಾರದವನಿಗೆ ಅವನ ಉದಾಹರಣೆಯನ್ನು ಎತ್ತಿಕೊಳ್ಳುವ ಅಧಿಕಾರವಿಲ್ಲ.

ಉಳಿಸುವುದು ಬೇರೆ, ಹೊರಡಿಸುವುದು ಬೇರೆ ಎಂಬ ವಿವೇಕದಿಂದ ಈ ಗಂಟು ಬಹುಮಟ್ಟಿಗೆ ಸಡಿಲುತ್ತದೆ. ನಾಶವಾದುದನ್ನು ಯಾವ ಪಶ್ಚಾತ್ತಾಪವೂ ಮರಳಿ ತರಲಾರದು. ಆದುದರಿಂದ ಉಳಿಸುವ ಕರ್ತವ್ಯವು ದೊಡ್ಡದು. ಹೊರಡಿಸುವುದಕ್ಕೆ ಮಾತ್ರ ಅವಸರವಿಲ್ಲ. ಒಮ್ಮೆ ಪ್ರಕಟವಾದುದನ್ನು ಹಿಂದಕ್ಕೆ ಕರೆಯಲಾಗುವುದಿಲ್ಲವಾದುದರಿಂದ, ಸಂದೇಹವಿದ್ದಲ್ಲಿ ತಡೆದು ನಿಲ್ಲುವುದೇ ಲೇಸು.

ವಿಜಯಪುರ ಜಿಲ್ಲೆಯ ಮಟ್ಟಿಗೆ ಇದು ದೂರದ ಮಾತಲ್ಲ. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಬೆಳಗಿನ ಕತ್ತಲೆಯಲ್ಲಿ ಬೀಸುಕಲ್ಲಿನ ಮುಂದೆ ಕುಳಿತು, ತವರಿನ ನೆನಪನ್ನೂ ಅತ್ತೆಮನೆಯ ನೋವನ್ನೂ ಕಲ್ಲಿಗೆ ಹೇಳಿಕೊಂಡ ಹಾಡುಗಳವು. ಅಚ್ಚಿಗೆಂದು ಹಾಡಿದವರು ಅವರಲ್ಲಿ ಒಬ್ಬರೂ ಇರಲಾರರು. ಆದರೂ ಆ ಪ್ರಕಟಣೆಯು ಅನ್ಯಾಯವೆನಿಸಲಿಲ್ಲ. ಆ ತ್ರಿಪದಿಗಳು ತಾಯಿಯಿಂದ ಮಗಳಿಗೆ, ಊರಿನಿಂದ ಊರಿಗೆ ಸಾಗಿ, ಯಾರೊಬ್ಬಳ ಗುಟ್ಟೂ ಆಗಿ ಉಳಿಯದೆ ಎಲ್ಲರ ಮಾತಾಗಿದ್ದವು. ಅಚ್ಚಿಗೆ ಬಂದುದು ಪದ. ಹಾಡಿದವಳ ಕಂಠವು ಅವಳಲ್ಲಿಯೇ ಉಳಿಯಿತು.

ಇಂದು ಈ ಕೊನೆಯ ಭೇದವು ಅಳಿಸಿಹೋಗಿದೆ. ನಿಡೋಣಿ, ಬಬಲೇಶ್ವರ, ತಿಕೋಟಾದಂಥ ಊರುಗಳ ಮನೆಮನೆಗಳಲ್ಲಿ ಧ್ವನಿಯನ್ನು ಹಿಡಿಯುವ ಯಂತ್ರವು ಪ್ರತಿಯೊಬ್ಬರ ಕಿಸೆಯಲ್ಲಿದೆ. ಭಜನೆಯ ಪದ, ಡೊಳ್ಳಿನ ಹಾಡು, ಮೊಹರಮ್ಮಿನ ರಿವಾಯತ, ಅಜ್ಜಿಯ ಸೋಬಾನೆ ಎಲ್ಲವನ್ನೂ ಅದು ಹಿಡಿಯುತ್ತದೆ; ಕ್ಷಣಾರ್ಧದಲ್ಲಿ ಊರಾಚೆಗೆ ಕಳಿಸುತ್ತದೆ. ಪದವು ಹೆಸರಿಲ್ಲದೆ ಸಂಚರಿಸಬಲ್ಲುದು. ಕಂಠವು ಹಾಗೆ ಸಂಚರಿಸಲಾರದು. ಅಜ್ಜಿಯ ನಡುಗುವ ಧ್ವನಿ, ಮರೆತ ಸಾಲಿನಲ್ಲಿ ಅವಳು ತಡವರಿಸಿದುದು, ನಡುವೆ ಬಂದ ಬಿಕ್ಕು, ಇವು ಆ ಒಬ್ಬಳ ಗುರುತುಗಳು. ಅವುಗಳನ್ನು ಹಿಡಿದಿಡುವುದು ಮನೆಯವರ ಕರ್ತವ್ಯ. ಹಿಡಿಯದೆ ಬಿಟ್ಟರೆ ಅವಳೊಡನೆ ಆ ಹಾಡಿನ ಧಾಟಿಯೂ ಮಣ್ಣು ಸೇರೀತು. ಹಂಚುವುದಕ್ಕೆ ಮುನ್ನ ಅವಳನ್ನು ಕೇಳುವುದೂ ಅಷ್ಟೇ ಕರ್ತವ್ಯ. ಅವಳು ಒಪ್ಪಿದರೆ ಹೆಸರು, ಊರು, ಇಸವಿಗಳನ್ನು ಬರೆದು ಊರಿಗೆಲ್ಲ ಕೇಳಿಸಬಹುದು. ಬೇಡವೆಂದರೆ ಆ ಮಾತನ್ನೂ ಬರೆದಿಟ್ಟು, ಮನೆಯ ಪೆಟ್ಟಿಗೆಯಲ್ಲಿ ಜೋಪಾನ ಮಾಡಬಹುದು.

ದೊಡ್ಡ ಗಾಯಕರ ವಿಷಯದಲ್ಲಿ ಈ ಪ್ರಶ್ನೆಯನ್ನು ಅವರ ತರುವಾಯ ವಾರಸುದಾರರೂ ಕಂಪನಿಗಳೂ ನ್ಯಾಯಾಲಯಗಳೂ ಚರ್ಚಿಸಬಹುದು. ಮನೆಯ ಹಾಡಿಗೆ ಅಂಥ ಆಸರೆಯಿಲ್ಲ. ಹಾಡುವವರು ಬದುಕಿ ಎದುರಿಗೆ ಕುಳಿತಿರುವಾಗಲೇ ಕೇಳಿ ತಿಳಿದುಕೊಳ್ಳಬೇಕು. ಅದಕ್ಕೆ ಬೇಕಾಗುವುದು ಒಂದೆರಡು ಮಾತು, ತುಸು ಸಂಕೋಚ, ಅಷ್ಟೇ.