ಅಂದಾಜೂ ಸತ್ಯವಾಗಬಲ್ಲುದೇ?



ಸತ್ಯವನ್ನೇ ನುಡಿಯಬೇಕೆಂಬುದು ಹಿರಿಯರೆಲ್ಲರ ಆದೇಶ. ಆದರೆ ಪೂರ್ಣ ಸತ್ಯವು ಕೈಗೆಟುಕದ ವಿಷಯದಲ್ಲಿ ನಮ್ಮ ಕರ್ತವ್ಯವೇನು? ತಿಳಿದದ್ದು ಅಲ್ಪವೆಂದು ಮೌನವಾಗಿರಬೇಕೆ? ಅಥವಾ ಆ ಅಲ್ಪವನ್ನೇ ಪೂರ್ಣವೆಂದು ಸಾರಬೇಕೆ? ಈ ಪ್ರಶ್ನೆಗೆ ಉತ್ತರವನ್ನು ಇಂದು ಖಗೋಳವಿಜ್ಞಾನಿಗಳ ಕಾರ್ಯದಲ್ಲಿ ಅರಸೋಣ.

ಭಾರಿ ನಕ್ಷತ್ರವೊಂದರ ಆಯುಷ್ಯ ತೀರಿದಾಗ ಅದು ಸ್ಫೋಟಗೊಂಡು, ಅದರ ಗರ್ಭವು ಕುಸಿದು, ಸುಮಾರು ಇಪ್ಪತ್ತು ಕಿಲೋಮೀಟರು ಅಡ್ಡಳತೆಯ ಗೋಳವಾಗಿ ಉಳಿಯುವುದುಂಟು. ಸೂರ್ಯನಿಗಿಂತ ಹೆಚ್ಚಿನ ದ್ರವ್ಯವು ಅಷ್ಟು ಕಿರಿದಾದ ಎಡೆಯಲ್ಲಿ ಅಡಗಿರುತ್ತದೆ. ಬುಗುರಿಯಂತೆ ತಿರುಗುತ್ತ, ದೀಪಸ್ತಂಭದ ಹಾಗೆ ಕಿರಣಗಳನ್ನು ಬೀಸುವ ಇಂಥ ತಾರೆಗೆ ಪಲ್ಸಾರ್ ಎಂದು ಹೆಸರು. 1967ರಲ್ಲಿ ಕೇಂಬ್ರಿಜ್‌ನ ಸಂಶೋಧನ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಅವರು ಮೊದಲ ಪಲ್ಸಾರನ್ನು ಗುರುತಿಸಿದ್ದು ರೇಡಿಯೊ ಅಲೆಗಳಿಂದ. ಆದರೆ ಕೆಲವು ಪಲ್ಸಾರುಗಳ ಮಿಡಿತವು ನಮಗೆ ಗಾಮಾ ಕಿರಣಗಳಲ್ಲಿ ಮಾತ್ರ ದೊರೆಯುತ್ತದೆ.

2008ರಲ್ಲಿ ಹಾರಿಬಿಟ್ಟ ಫರ್ಮಿ ಉಪಗ್ರಹವು ಅದೇ ವರ್ಷ ಸಿಟಿಎ-1 ಎಂಬ ಸ್ಫೋಟಾವಶೇಷದಲ್ಲಿ ಅಂಥದೊಂದನ್ನು ಕಂಡಿತು. ಆ ತಾರೆ ಸೆಕೆಂಡಿಗೆ ಸುಮಾರು ಮೂರು ಸುತ್ತು ತಿರುಗುತ್ತದೆ. ಉಪಗ್ರಹಕ್ಕೆ ಸಿಗುವುದಾದರೋ ನಿಮಿಷಕ್ಕೆ ಸರಿಸುಮಾರು ಒಂದೇ ಗಾಮಾ ಕಣ. ಒಂದು ಕಣ ಬಂದು ಮತ್ತೊಂದು ಬರುವಷ್ಟರಲ್ಲಿ ತಾರೆ ನೂರತೊಂಬತ್ತು ಸುತ್ತು ಹಾಕಿರುತ್ತದೆ! ಕಣಗಳು ಬಂದ ಕಾಲಗಳನ್ನೆಲ್ಲ ಎಲ್ಲ ಬಗೆಯಲ್ಲೂ ತಾಳೆ ನೋಡಹೊರಟರೆ ಗಣಕಯಂತ್ರಕ್ಕೂ ಅದು ಮಿತಿಮೀರಿದ ಭಾರ. ಆದಕಾರಣ ವಿಜ್ಞಾನಿಗಳು ಹತ್ತಿರಹತ್ತಿರದ ಕಣಗಳ ಕಾಲಾಂತರಗಳನ್ನು ಮಾತ್ರ ಎಣಿಸಿದರು. ಇದರಿಂದ ಸೂಕ್ಷ್ಮತೆ ಸ್ವಲ್ಪ ಕುಗ್ಗುವುದೆಂಬುದನ್ನು ಅವರು ಅರಿತಿದ್ದರು, ಅರಿತೇ ಒಪ್ಪಿಕೊಂಡರು. ಅಷ್ಟೇ ಅಲ್ಲ. ಕೋಟಿ ಸಲ ಹುಡುಕಿದರೆ ಇಲ್ಲದ ಲಯವೂ ಒಮ್ಮೆ ಆಕಸ್ಮಿಕವಾಗಿ ಇದ್ದಂತೆ ತೋರೀತು. ಆದುದರಿಂದ ಎಷ್ಟು ಸಲ ಹುಡುಕಿದೆವೆಂಬ ಲೆಕ್ಕವನ್ನೂ ಫಲಿತಾಂಶದೊಡನೆ ಮುಂದಿಡುವುದು ಈ ಶಾಸ್ತ್ರದ ನಿಯಮ. ಸಿಕ್ಕಿದ್ದನ್ನು ಮಾತ್ರ ಹೇಳಿ ಸೋತ ಹುಡುಕಾಟಗಳನ್ನು ಮರೆಮಾಚಿದರೆ ಅಲ್ಲಿ ಅದು ಅಪಚಾರ.

ಗುರುತ್ವದ ವಿಷಯವೂ ಹೀಗೆಯೇ. ಒಂದನ್ನೊಂದು ಸುತ್ತುವ ಎರಡು ಕಾಯಗಳಿಗೆ ಐನ್‌ಸ್ಟೈನರ ಸಮೀಕರಣಗಳಿಂದ ನಿಖರವಾದ ಸೂತ್ರವು ಈವರೆಗೆ ದೊರೆತಿಲ್ಲ. ಮೊದಲು ನ್ಯೂಟನ್ನರ ಲೆಕ್ಕ, ಅದರ ಮೇಲೊಂದು ತಿದ್ದುಪಡಿ, ಅದರ ಮೇಲೆ ಇನ್ನೂ ಕಿರಿದಾದ ತಿದ್ದುಪಡಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸತ್ಯದ ಸಮೀಪಕ್ಕೆ ಸಾಗಬೇಕು. 1974ರಲ್ಲಿ ರಸೆಲ್ ಹಲ್ಸ್ ಮತ್ತು ಜೋಸೆಫ್ ಟೇಲರ್ ಅವರು ಮತ್ತೊಂದು ನಕ್ಷತ್ರವನ್ನು 7 ಗಂಟೆ 45 ನಿಮಿಷಕ್ಕೊಮ್ಮೆ ಸುತ್ತುವ ಪಲ್ಸಾರನ್ನು ಕಂಡುಹಿಡಿದರು. ಗುರುತ್ವದ ಅಲೆಗಳು ಶಕ್ತಿಯನ್ನು ಒಯ್ಯುವುದರಿಂದ ಆ ಪರಿಭ್ರಮಣದ ಅವಧಿ ಕುಗ್ಗಬೇಕು. ಕುಗ್ಗುತ್ತಿರುವುದೂ ನಿಜ: ವರ್ಷಕ್ಕೆ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 76 ಭಾಗ! ಸೂತ್ರ ಹೇಳಿದ್ದೂ ಬಹುಮಟ್ಟಿಗೆ ಇಷ್ಟೇ.

ಆದರೆ ವಿದ್ವಾಂಸರು ಅಲ್ಲಿಗೇ ತೃಪ್ತರಾಗಲಿಲ್ಲ. ಆ ಅಂದಾಜಿನ ಸೂತ್ರವು ಇಂಥ ಜೋಡಿಗೆ ಸಲ್ಲುವುದೇ ಎಂದು 1970ರ ದಶಕದಲ್ಲಿ ಸಿದ್ಧಾಂತಿಗಳೇ ಪ್ರಶ್ನಿಸಿದರು. ಮುಂದಿನ ದಶಕದಲ್ಲಿ ಹೆಚ್ಚು ಕಟ್ಟುನಿಟ್ಟಾದ ಗಣನೆ ಅದನ್ನು ಸಮರ್ಥಿಸಿತು. ಆಗಲೂ ಶೇಕಡಾ ಒಂದಕ್ಕಿಂತ ಕಡಿಮೆಯ ಅಂತರವೊಂದು ಉಳಿದಿತ್ತು. ಸೂರ್ಯಮಂಡಲವೂ ಪಲ್ಸಾರೂ ಆಕಾಶಗಂಗೆಯಲ್ಲಿ ಬೇರೆ ಬೇರೆ ಬಗೆಯಾಗಿ ಚಲಿಸುವುದರ ಪರಿಣಾಮವದು ಎಂದು 1991ರಲ್ಲಿ ದಾಮೂರ್ ಮತ್ತು ಟೇಲರ್ ತೋರಿಸಿದರು. ಅದನ್ನು ಕಳೆದ ಮೇಲೆ ವೀಕ್ಷಣೆಗೂ ಗಣನೆಗೂ ಇರುವ ಅಂತರ ಶೇಕಡಾ 0.2ರ ಆಸುಪಾಸಿಗೆ ಇಳಿದಿದೆ. 1993ರಲ್ಲಿ ಹಲ್ಸ್ ಮತ್ತು ಟೇಲರ್ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಇದರಿಂದ ನಾವು ಕಲಿಯಬೇಕಾದುದೇನು? ಅಂದಾಜು ಸ್ವತಃ ಅಸತ್ಯವಲ್ಲ. ತನ್ನ ಎಲ್ಲೆಯನ್ನು ತಾನೇ ಹೇಳಿಕೊಳ್ಳುವ ಅಂದಾಜು ಸತ್ಯದ ಸೇವಕ. ಎಲ್ಲೆಯನ್ನು ಮುಚ್ಚಿಡುವ ಅಂದಾಜು ಸುಳ್ಳಿನ ಸೋದರ.

ನಿತ್ಯಜೀವನದಲ್ಲಿ ನಾವು ಮಾಡುವುದಾದರೂ ಅಂದಾಜನ್ನೇ ಅಲ್ಲವೇ? ಒಂದು ದಿನದ ಸಿಡುಕಿನಿಂದ ಸೊಸೆಯ ಸ್ವಭಾವವನ್ನು ಅಳೆಯುತ್ತೇವೆ. ಒಂದು ಸಲದ ಸೋಲಿನಿಂದ ಮಗನ ಭವಿಷ್ಯವನ್ನು ನಿರ್ಣಯಿಸುತ್ತೇವೆ. ಗಾಮಾ ಕಣ ಒಂದನ್ನೇ ಹಿಡಿದು ತಾರೆಯ ಗತಿಯನ್ನು ಹೇಳುವ ಸಾಹಸ ಯಾವ ವಿಜ್ಞಾನಿಗೂ ಇಲ್ಲ, ನಮಗಿದೆ! ಪೀಠದಲ್ಲಿ ಕುಳಿತ ನಾವೂ ಇದಕ್ಕೆ ಹೊರತಲ್ಲ. ಸೋದರರಿಬ್ಬರ ವ್ಯಾಜ್ಯದಲ್ಲಿ ಮೊದಲು ಬಂದವನ ಮಾತನ್ನಷ್ಟೇ ಕೇಳಿ ಒಮ್ಮೆ ತೀರ್ಪು ನುಡಿದೆವು. ಮತ್ತೊಬ್ಬನು ಏನನ್ನೂ ಹೇಳದೆ ನಮಸ್ಕರಿಸಿ ಹೊರಟುಹೋದನು. ವಿಷಯ ತಿಳಿದ ಮೇಲೆ ಆ ನಮಸ್ಕಾರ ನಮ್ಮನ್ನು ಬಹುಕಾಲ ಸುಟ್ಟಿತು. ಅಂದು ನಮ್ಮ ತಪ್ಪು ತಿಳಿವು ಸಾಲದಿದ್ದುದಲ್ಲ. ಸಾಲದೆಂಬುದನ್ನು ನುಡಿಯದೆ ಹೋದುದು.

ಹಾಗೆಂದು ತೀರ್ಪನ್ನೇ ಕೊಡದೆ ಕೂಡುವುದು ಧರ್ಮವಲ್ಲ. ಕುಟುಂಬ ನಡೆಯಬೇಕು, ಊರು ನಡೆಯಬೇಕು. ಆದುದರಿಂದ ನಿರ್ಣಯಿಸಿರಿ, ಆದರೆ “ನಮಗೆ ತಿಳಿದಿರುವುದು ಇಷ್ಟು, ತಪ್ಪಿರಲೂಬಹುದು, ತಿದ್ದಿಕೊಳ್ಳಲು ಸಿದ್ಧರಿದ್ದೇವೆ” ಎಂಬ ಮಾತನ್ನೂ ಕೂಡಿಸಿರಿ. ತಾಳೆಯಾಗದೆ ಉಳಿದ ಕಿರಿಯ ಅಂತರವನ್ನು ಗುಡಿಸಿಹಾಕದಿರಿ. ಇನ್ನೂ ಕೇಳಬೇಕಾದ ದನಿಯೊಂದು ಅಲ್ಲಿ ಇರಬಹುದು.