ಯಾರ ಪೈಕಿ?

2019ರ ಆಗಸ್ಟಿನಲ್ಲಿ ಘಟಪ್ರಭಾ ಹೊಳೆ ಊರೊಳಗೆ ಬಂದಾಗ ಮೇಲವಂಕಿಯ ಆ ಮನೆಯವರು ಮೊದಲು ದನಗಳ ಹಗ್ಗ ಬಿಚ್ಚಿದರು. ಆಮೇಲೆ ಜೋಳದ ಚೀಲಗಳನ್ನು ಟ್ರ್ಯಾಕ್ಟರಿಗೆ ಎತ್ತಿದರು. ಮನೆಯ ಆಯಿ ಮಾತ್ರ ಎಲ್ಲರೂ ಕೂಗುತ್ತಿದ್ದರೂ ಒಳಗೇ ನಿಂತು, ಜಗಲಿಯ ಮೇಲಿನ ದೇವರುಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಂಡು ಗಂಟು ಕಟ್ಟಿದರಂತೆ. ಕಾಳಜಿ ಕೇಂದ್ರದಲ್ಲಿ ಆ ಗಂಟು ಬಿಚ್ಚಿದಾಗ ದೇವರ ನಡುವೆ ಒಂದು ತಗಡಿನ ಡಬ್ಬಿಯೂ ಇತ್ತು. ನೀರಿಳಿದು ಗೋಡೆಗಳು ಇನ್ನೂ ಒಣಗುತ್ತಿದ್ದಾಗ ಮಾತಾಡಿಸಿ ಬರಲು ನಾನು ಹೋಗಿದ್ದೆ. ಆಯಿ ಆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

ಒಳಗೆ ಬೆರಳಗಲದ ಒಂದು ಪಟ್ಟಿ. ಹಿತ್ತಾಳೆಯ ತಗಡಿಗೆ ಐದು ಬಣ್ಣದ ರಿಬ್ಬನ್ ತುಂಡುಗಳನ್ನು ಒತ್ತೊತ್ತಾಗಿ ಸುತ್ತಿ, ಹಿಂದೆ ಪಿನ್ನು ಕೂಡಿಸಿದ್ದರು. ಸೈನಿಕರು ದಿನದ ಸಮವಸ್ತ್ರದ ಎಡ ಎದೆಯ ಮೇಲೆ ಪದಕಗಳ ಬದಲು ಹಾಕಿಕೊಳ್ಳುವ ಪಟ್ಟಿ ಅದು. ಮುಂದಿನ ಬಣ್ಣಗಳು ಹಣ್ಣೆಲೆಯಂತೆ ಮಾಸಿದ್ದವು. ಒಂದು ಅಂಚಿನಲ್ಲಿ ನೂಲಿನ ಸಂದಿಗಿಳಿದ ಕುಂಕುಮವಿತ್ತು. ಪಟ್ಟಿಯನ್ನು ತಿರುವಿ, ಅರಿವೆ ಮಡಚಿದ್ದ ಜಾಗದಲ್ಲಿ ಉಗುರಿನಿಂದ ಸ್ವಲ್ಪ ಎತ್ತಿ ನೋಡಿದೆ. ಬಿಸಿಲು ತಾಕದ ಆ ಒಂದು ಗೆರೆಯಷ್ಟು ಜಾಗದಲ್ಲಿ ಕೆಂಪು ಕೆಂಪಾಗಿಯೇ ಇತ್ತು, ಹಸಿರು ಹಸಿರಾಗಿಯೇ ಇತ್ತು.

"ನಮ್ಮ ದೊಡ್ಡ ಮಾವಂದು ಅದು. ಬಸರಾಕ್ಕ ಹೋದಾಂವ ಹೊಳ್ಳಿ ಬರಲಿಲ್ಲ. ನಮ್ಮತ್ತಿ ಸಾಯೂಮುಂದ ನನ್ನ ಕೈಯಾಗ ಕೊಟ್ಟು, ಜ್ವಾಕಿ ಅಂದಿದ್ಲು. ಖಂಡೇ ಪೂಜಿ ದಿನ ಕುಂಕುಮ ಹಚ್ಚತೇನಿ," ಅಂದರು ಆಯಿ. ಸ್ವಲ್ಪ ತಡೆದು, "ತಮ್ಮಾ, ಇದರಾಗ ಅವನ ಹೆಸರೇನರ ಐತೇನು ನೋಡು," ಅಂದರು.

ಹೆಸರಿರಲಿಲ್ಲ. ರಿಬ್ಬನ್ ಪಟ್ಟಿಯ ಮೇಲೆ ಹೆಸರು ಇರುವುದೇ ಇಲ್ಲ. ಪದಕವಾದರೆ ಬೇರೆ ಮಾತು. ಮೊದಲನೇ ಮಹಾಯುದ್ಧದ ಬೆಳ್ಳಿಯ ಪದಕದ ಅಂಚಿನ ಸುತ್ತ ಸಿಪಾಯಿಯ ನಂಬರು, ಹೆಸರು, ಪಲ್ಟಣ ಒತ್ತಿರುತ್ತಾರೆ. ಆದರೆ ಬೆಳ್ಳಿ ಬಡವರ ಮನೆಯಲ್ಲಿ ಎಷ್ಟು ದಿನ ನಿಂತೀತು? ಒಂದು ಬರ, ಒಂದು ಮದುವೆ ಸಾಕು, ಅದು ಪತ್ತಾರನ ಮೂಸೆ ಸೇರುತ್ತದೆ. ಅರಿವೆಯ ತುಂಡನ್ನು ಯಾರೂ ಕೊಳ್ಳುವುದಿಲ್ಲ, ಅದಕ್ಕೇ ಅದು ಉಳಿಯುತ್ತದೆ.

ಹೆಸರಿಲ್ಲದ ಇಂಥ ಅರಿವೆಯ ತುಂಡಿನಿಂದ ಮನುಷ್ಯನನ್ನು ಹುಡುಕಿ ತೆಗೆಯುವವರು ಇದ್ದಾರೆ. ಹಳೆಯ ಜರ್ಮನ್ ಸೈನ್ಯದ ರಿಬ್ಬನ್ ಪಟ್ಟಿಗಳ ಬಗ್ಗೆ ಓದಿದ ದಿನದಿಂದ ನನ್ನನ್ನು ಹಿಡಿದಿರುವ ಬೆರಗು ಇದು. 1918ರವರೆಗಿನ ಜರ್ಮನ್ ಸಾಮ್ರಾಜ್ಯ ಹೊರಗಿನಿಂದ ನೋಡಿದರೆ ಒಂದೇ ದೇಶ. ಒಳಗೆ 25 ಸೀಮೆಗಳು: ಪ್ರಷ್ಯಾ, ಬವೇರಿಯಾ, ಸ್ಯಾಕ್ಸನಿಯಂಥ ದೊಡ್ಡ ರಾಜ್ಯಗಳು, ಲಿಪ್ಪೆ, ಆನ್‌ಹಾಲ್ಟ್‌ನಂಥ ಅಂಗೈಯಗಲದ ಸಂಸ್ಥಾನಗಳು, ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್ ಎಂಬ ಸ್ವತಂತ್ರ ಪಟ್ಟಣಗಳು. ನಮ್ಮ ಗೋಕಾಕದ ಸುತ್ತ ಜಮಖಂಡಿ, ಮುಧೋಳ, ರಾಮದುರ್ಗ, ಸಾಂಗ್ಲಿ, ಕೊಲ್ಹಾಪುರ ಸಂಸ್ಥಾನಗಳು ಇದ್ದಂತೆಯೇ. ಆ ಜರ್ಮನ್ ಸೀಮೆಗಳು ತಮ್ಮ ತಮ್ಮದೇ ಪದಕ ಕೊಡುತ್ತಿದ್ದವು, ಅವಕ್ಕೆ ಬೇರೆ ಬೇರೆ ಬಣ್ಣದ ರಿಬ್ಬನ್. ಅವನ್ನು ಮನಸ್ಸಿಗೆ ಬಂದ ಹಾಗೆ ಹಾಕಿಕೊಳ್ಳುವಂತಿರಲಿಲ್ಲ. ತನ್ನ ಸೀಮೆಯವು ಮೊದಲು, ನೆರೆ ಸೀಮೆಯವು ಆಮೇಲೆ, ಪರದೇಶದವು ಕೊನೆಗೆ.

ಹಾಗಾಗಿ ಬಲ್ಲವರು ಆ ಪಟ್ಟಿಯನ್ನು ಎಡದಿಂದ ಬಲಕ್ಕೆ ಸಾಲು ಓದಿದಂತೆ ಓದುತ್ತಾರೆ. ಕಪ್ಪು ರಿಬ್ಬನ್ನಿನ ಅಂಚುಗಳಲ್ಲಿ ಬಿಳಿ ಗೆರೆಯಿದ್ದರೆ ಐರನ್ ಕ್ರಾಸ್, ರಣರಂಗದಲ್ಲಿ ನಿಂತವನದು. ಅದೇ ಬಣ್ಣ ತಿರುವು ಮುರುವಾಗಿ ಬಿಳಿಯ ಅಂಚಿಗೆ ಕಪ್ಪು ಬಂದರೆ, ಹಿಂದಿನ ಸಾಲಿನಲ್ಲಿ ದುಡಿದವನದು. ಐರನ್ ಕ್ರಾಸ್ ಲಕ್ಷಾಂತರ ಮಂದಿಗೆ ಸಿಕ್ಕಿದ್ದು, ಅದೊಂದರಿಂದ ಯಾರ ಗುರುತೂ ಹತ್ತದು. ಅದರ ಪಕ್ಕದಲ್ಲಿ ಹ್ಯಾಂಬರ್ಗಿನದೊಂದು ಬಂದರೆ ಸಾವಿರಾರು ಜನ ಹಿಂದೆ ಸರಿಯುತ್ತಾರೆ. ಅದರಾಚೆ ಒಂದು ಸಣ್ಣ ಸಂಸ್ಥಾನದ್ದಿದ್ದರೆ ನೂರಾರು ಉಳಿಯುತ್ತಾರೆ. ಕೊನೆಗೊಂದು ತುರ್ಕಿಯ ಯುದ್ಧಪದಕದ ಕೆಂಪು ಬಿಳಿ ರಿಬ್ಬನ್ ಬಂದರೆ ಕೈಬೆರಳಲ್ಲಿ ಎಣಿಸುವಷ್ಟು. ಆಮೇಲೆ ಅಚ್ಚಾದ ಅಧಿಕಾರಿಗಳ ಪಟ್ಟಿಗಳನ್ನು ತೆಗೆಯುತ್ತಾರೆ. ಆ ಪಟ್ಟಿಗಳಲ್ಲಿ ಪ್ರತಿ ಹೆಸರಿನ ಮುಂದೆ ಅವನಿಗೆ ಸಂದ ಗೌರವಗಳ ಸಂಕೇತಗಳಿರುತ್ತವೆ. ಪುಟದ ಮೇಲೆ ಪುಟ ಓದುತ್ತ ಹೋದರೆ ಒಂದು ಕಡೆ ಬಣ್ಣಗಳ ಸಾಲೂ ಅಕ್ಷರಗಳ ಸಾಲೂ ಒಂದರ ಮೇಲೊಂದು ಕೂತುಬಿಡುತ್ತವೆ. ಪಟ್ಟಿಯ ಹಿಂದೆ ಹೊಲಿದುಕೊಟ್ಟ ಅಂಗಡಿಯ ಚೀಟಿಯೊಂದು ಅಂಟಿದ್ದರೆ ಊರೂ ಸಿಕ್ಕಿತು.

1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡಾಮ್ ಮೇಲೆ ಬಾಂಬು ಬಿದ್ದು ಪ್ರಷ್ಯಾದ ಸೈನ್ಯದ ದಫ್ತರವೇ ಸುಟ್ಟುಹೋಯಿತು. ಸೈನಿಕರ ಕಡತಗಳು ಬೂದಿಯಾದವು. ಅಂಥದ್ದರಲ್ಲಿ ಯಾರದೋ ಕಪಾಟಿನ ಮೂಲೆಯಲ್ಲಿದ್ದ ನಾಲ್ಕು ರಿಬ್ಬನ್ ತುಂಡುಗಳ ಕ್ರಮ ಉಳಿಯಿತು, ಕ್ರಮದಿಂದ ಒಬ್ಬ ಮನುಷ್ಯ ಎದ್ದು ಬಂದ. ದುಡ್ಡಿಲ್ಲ, ನೆಂಟಸ್ತಿಕೆಯಿಲ್ಲ, ನೂರು ವರ್ಷದ ಹಿಂದಿನ ಯಾರೋ ಒಬ್ಬ. ಅವನು ಯಾರೆಂದು ತಿಳಿಯಲೇಬೇಕೆಂದು ರಾತ್ರಿಗಳನ್ನು ಕಳೆಯುವವರ ಮೇಲೆ ನನಗೆ ಗೌರವವಿದೆ.

ಈ ವಿದ್ಯೆ ನಮಗೆ ಹೊಸದೂ ಅಲ್ಲ. ಗೋಕಾಕದ ಬಸ್ಸಿನಲ್ಲಿ ಪಕ್ಕ ಕೂತ ಹಿರಿಯರು ಹೆಸರು ಕೇಳುವುದಿಲ್ಲ. "ಯಾರ ಪೈಕಿಪಾ ನೀ?" ಅನ್ನುತ್ತಾರೆ. ಊರು ಯಾವುದು, ಯಾರ ಮನೆತನ, ತಾಯಿಯ ತವರು ಯಾವುದು, ಮೂರೇ ಪ್ರಶ್ನೆ. ಒಂದೊಂದೂ ನೂರಾರು ಜನರಿಗೆ ಹೊಂದುವಂಥದ್ದು. ಮೂರೂ ಒಂದರ ಪಕ್ಕ ಒಂದು ಕೂತಾಗ, "ಅಲಾ ಇವನ! ನಿಮ್ಮ ಮುತ್ಯಾನ ಜೋಡಿ ನಾ ಎತ್ತ ತರಾಕ ಹೋಗಿದ್ನೆಲ್ಲೊ," ಎಂದು ಹೆಗಲ ಮೇಲೆ ಕೈ ಬೀಳುತ್ತದೆ.

ಆಯಿಯ ಕೈಯಲ್ಲಿದ್ದ ಪಟ್ಟಿಗೆ ಬರುತ್ತೇನೆ. ಮೊದಲನೆಯದು ಕಡುನೀಲಿ, ಕೆಂಪು, ತಿಳಿನೀಲಿ, ಮೂರೂ ಸಮ ಅಗಲ. ಎರಡನೆಯದರಲ್ಲಿ ಮರಳಿನ ಬಣ್ಣ, ನಡುವೆ ಅಗಲವಾದ ಕೆಂಪು, ಆಚೀಚೆ ಒಂದೊಂದು ಸಣ್ಣ ನೀಲಿ ಗೆರೆ. ಮೂರನೆಯದು ಕೆಂಪು, ಬಿಳಿ, ಹಸಿರು, ಬಿಳಿ, ಕೆಂಪು. ನಾಲ್ಕನೆಯದರ ನಡುವೆ ಬೆಂಕಿಯ ಬಣ್ಣ, ಎರಡೂ ಬದಿಯ ಹಸಿರಿನಲ್ಲಿ ಎಳೆಯಷ್ಟು ಕಪ್ಪು. ಐದನೆಯದು ಕೆಂಪು, ನೀಲಿ, ನಡುವೆ ಬಿಳಿಯೊಳಗೆ ಕೂದಲಿನಂಥ ಕೆಂಪು ಗೆರೆ. 1939–45 ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್, ಡಿಫೆನ್ಸ್ ಮೆಡಲ್, ವಾರ್ ಮೆಡಲ್. ಎಲ್ಲವೂ ಎರಡನೇ ಮಹಾಯುದ್ಧದವು.

ಓದುತ್ತ ಹೋದಂತೆ ಒಬ್ಬ ಮನುಷ್ಯ ನಡೆದುಬಂದ. ಆಫ್ರಿಕಾ ಸ್ಟಾರ್ ಸಿಗಬೇಕಾದರೆ ಆತ 1940ರ ಜೂನ್ ಮತ್ತು 1943ರ ಮೇ ನಡುವೆ ಅಲ್ಲಿರಬೇಕು. ಎರಿಟ್ರಿಯಾದ ಕೆರೆನ್ ಗುಡ್ಡಗಳನ್ನು 1941ರ ಮಾರ್ಚಿನಲ್ಲಿ ಹತ್ತಿದವರಲ್ಲಿ ನಮ್ಮ ಸೀಮೆಯವರು ಸೇರುತ್ತಿದ್ದ ಮರಾಠಾ ಪಲ್ಟಣದವರಿದ್ದರು. ಇಟಲಿ ಸ್ಟಾರ್ ಇದ್ದರೆ 1943ರ ಜೂನ್ ನಂತರ ಸಮುದ್ರ ದಾಟಿ ಆಚೆ ದಂಡೆಗೆ ಹೋಗಿರಬೇಕು. ಅದೇ ಇಟಲಿಯಲ್ಲಿ 1944ರ ಜುಲೈನಲ್ಲಿ ಯಶವಂತ ಘಾಡ್ಗೆ ಪ್ರಾಣ ಕೊಟ್ಟು, 1945ರ ಏಪ್ರಿಲ್‌ನಲ್ಲಿ ಸೆನಿಯೊ ಹೊಳೆಯ ದಂಡೆಯಲ್ಲಿ ನಾಮದೇವ ಜಾಧವ ಕಾದಾಡಿ, ವಿಕ್ಟೋರಿಯಾ ಕ್ರಾಸ್ ಪಡೆದರು. ಇಬ್ಬರೂ ಮರಾಠಾ ಲೈಟ್ ಇನ್‌ಫಂಟ್ರಿಯವರು. ಬರ್ಮಾದ ರಿಬ್ಬನ್ ಇಲ್ಲ, ಆ ಕಾಡಿಗೆ ಈತ ಹೋಗಲಿಲ್ಲ. ಕೊನೆಯದಾದ ವಾರ್ ಮೆಡಲ್ ಜಾರಿಯಾದದ್ದೇ 1945ರ ಆಗಸ್ಟಿನಲ್ಲಿ. ಅದರ ರಿಬ್ಬನ್ ಎದೆಗೆ ಹಾಕಿಕೊಂಡವನು ಯುದ್ಧ ಮುಗಿದ ಮೇಲೂ ಬದುಕಿದ್ದ. ಪಿನ್ನಿನ ತುದಿ ಬಾಗಿತ್ತು, ದಿನವೂ ಅಂಗಿಗೆ ಚುಚ್ಚಿ ತೆಗೆದ ಪಿನ್ನು.

ಅಂದರೆ ಇದು ಬಸರಾಕ್ಕೆ ಹೋದವನದಲ್ಲ.

ಬಸರಾ ಎಂದರೆ ಮೊದಲನೇ ಯುದ್ಧ, ಮೆಸೊಪೊಟೇಮಿಯಾ. ಅಂದಿನ 103, 110, 117ನೇ ಮರಾಠಾ ಪಡೆಗಳು ಅಲ್ಲಿದ್ದವು. ಕೂತ್ ಪಟ್ಟಣದಲ್ಲಿ 1915ರ ಡಿಸೆಂಬರಿನಿಂದ 147 ದಿನ ಮುತ್ತಿಗೆಯೊಳಗೆ ಹಸಿದು ಕೂತು, 1916ರ ಏಪ್ರಿಲ್ 29ರಂದು ಶರಣಾದ ಸುಮಾರು 13,000 ಮಂದಿಯಲ್ಲಿ ಈ ಮೂರೂ ಪಡೆಗಳವರಿದ್ದರು. ಮುತ್ತಿಗೆ ಹಾಕಿದ ತುರ್ಕಿ ಸೈನ್ಯದ ಮೇಲೆ ಇದ್ದವನು ಜರ್ಮನ್ ಫೀಲ್ಡ್ ಮಾರ್ಷಲ್ ಫಾನ್ ಡೆರ್ ಗೋಲ್ಟ್ಸ್. ಶರಣಾಗತಿಗೆ ಹತ್ತು ದಿನ ಮೊದಲು ಆತ ಬಾಗ್ದಾದಿನಲ್ಲಿ ತೀರಿಕೊಂಡ. ಜರ್ಮನ್ ಪಟ್ಟಿಯೊಂದರ ಕೊನೆಯಲ್ಲಿ ತುರ್ಕಿಯ ಕೆಂಪು ಬಿಳಿ ರಿಬ್ಬನ್ ಕಂಡಾಗಲೆಲ್ಲ ನನಗೆ ಕೂತ್ ಪಟ್ಟಣದ ಆ ಟೈಗ್ರಿಸ್ ನದಿಯ ದಂಡೆ ನೆನಪಾಗುತ್ತದೆ. ಅದನ್ನು ಧರಿಸಿದವನು ಆಚೆ ಕಂದಕದಲ್ಲಿ ಇದ್ದಿರಬಹುದು, ಈಚೆ ಕಂದಕದಲ್ಲಿ ನಮ್ಮ ಸೀಮೆಯವನೊಬ್ಬ. ಆಚೆಯವನ ಹೆಸರು ಇಂದು ಬಣ್ಣಗಳಿಂದ ಸಿಗಬಲ್ಲದು.

ಈಚೆಯವನದು? ಬಸರಾದಲ್ಲಿ 1929ರಲ್ಲಿ ಸ್ಮಾರಕ ಕಟ್ಟಿದರು. ಗೋರಿಯೇ ಗೊತ್ತಿಲ್ಲದ 40,000ಕ್ಕೂ ಹೆಚ್ಚು ಜನರ ನೆನಪಿಗೆ ಕಟ್ಟಿದ್ದು ಅದು. ಬ್ರಿಟಿಷರ ಹೆಸರುಗಳನ್ನು ಕಲ್ಲಿನ ಮೇಲೆ ಕೆತ್ತಿದರು, ಹಿಂದೂಸ್ತಾನದ ಅಧಿಕಾರಿಗಳದನ್ನೂ ಕೆತ್ತಿದರು. ಹಿಂದೂಸ್ತಾನದ ಸಾಮಾನ್ಯ ಸಿಪಾಯಿಗಳಿಗೆ ಮಾತ್ರ ಪಲ್ಟಣದ ಹೆಸರಿನ ಕೆಳಗೆ ಇಷ್ಟು ಜನ ಎಂಬ ಎಣಿಕೆ. ಯುದ್ಧಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗ ಈ ಭೇದಕ್ಕಾಗಿ 2021ರಲ್ಲಿ ಕ್ಷಮೆ ಕೇಳಿತು. ನಮ್ಮ ದೇಶದ ಹಳ್ಳಿಗಳಲ್ಲೂ ಆ ಕಾಲದ ಅಮೃತಶಿಲೆಯ ಫಲಕಗಳು ಅಲ್ಲಲ್ಲಿ ಇವೆ: ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಸತ್ತರು. ಹೆಸರಿಲ್ಲ. ಸಾವಿರ ವರ್ಷದ ಹಿಂದೆ ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನೂ ಕಲ್ಲಿನಲ್ಲಿ ಬರೆಸಿದ ನಾಡು ಇದು. ಆ ಫಲಕಗಳನ್ನು ನೆನೆದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಯಿಗೆ ಹೇಳಬೇಕೋ ಬೇಡವೋ ಎಂದು ಬಹಳ ಹೊತ್ತು ಕೂತೆ. ಐವತ್ತು ವರ್ಷ ಕುಂಕುಮ ಹಚ್ಚಿದ ಕೈ ಅದು. ಆದರೆ ಅವರೇ ಕೇಳಿದ್ದರು, ಕೇಳಿದವರಿಗೆ ಸುಳ್ಳು ಹೇಳಬಾರದು. ಬಣ್ಣಗಳನ್ನು ಒಂದೊಂದಾಗಿ ತೋರಿಸುತ್ತ ಹೇಳಿದೆ. ಅವರು ಮಧ್ಯೆ ಮಾತಾಡಲಿಲ್ಲ. ಎಲ್ಲ ಮುಗಿದ ಮೇಲೆ, "ಹಂಗಾರ ಇದು ಕಾಕಾಂದು," ಅಂದರು. ಮಾವನ ಕಡೇ ತಮ್ಮನೊಬ್ಬ ಮಿಲಿಟ್ರಿಯಲ್ಲಿದ್ದನಂತೆ. ಆಮೇಲೆ ಪುಣೆ ಕಡೆ ಹೋಗಿ ಅಲ್ಲೇ ಉಳಿದನಂತೆ, ಇವರು ಸೊಸೆಯಾಗಿ ಬಂದ ಮೇಲೆ ಎರಡು ಸಲ ಊರಿಗೆ ಬಂದಿದ್ದನಂತೆ. "ಬಂದಾಗ ಪೇರಲಹಣ್ಣ ತಂದಿದ್ದ," ಅಂದರು. ಪಟ್ಟಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿದರು. ಆಮೇಲೆ ನನ್ನ ಕಡೆ ನೋಡದೆ, "ಹಂಗಾರ ದೊಡ್ಡಾಂವಂದು ಏನೂ ಉಳದಿಲ್ಲ," ಅಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಒಬ್ಬನ ಗುರುತು ಹಿಡಿಯಲು ಹೋಗಿ ಇನ್ನೊಬ್ಬನನ್ನು ಕಳೆದುಬಿಟ್ಟೆ ಅನ್ನಿಸಿತು.

ಹಿಂಗಾರಿ ಸುಗ್ಗಿ ಮುಗಿದ ಮೇಲೆ ಆ ಮನೆಗೆ ಹೆಳವರು ಬಂದರು. ಮನೆತನಗಳ ವಂಶಾವಳಿ ಹೇಳುವುದೇ ಅವರ ಕುಲದ ಕಸುಬು. ಮೊದಲು ಗಂಟೆ ಬಾರಿಸುತ್ತ ಎತ್ತಿನ ಮೇಲೆ ಬರುತ್ತಿದ್ದರು, ಈಗ ಗಾಡಿಯಲ್ಲಿ ಬಂದರೂ ಗಂಟೆ ಬಿಟ್ಟಿಲ್ಲ. ಕೆಲವು ವರ್ಷಕ್ಕೊಮ್ಮೆ ಬಂದು ಹುಟ್ಟಿದವರ ಹೆಸರು ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ, ಹಿಂದಿನವರ ಹೆಸರು ಹೇಳಿ ಕಾಳು, ಅರಿವೆ, ರೊಕ್ಕ ಪಡೆದು ಹೋಗುತ್ತಾರೆ. ಮನೆಯವರು ಮರೆತದ್ದು ಅವರ ಬಾಯಲ್ಲಿರುತ್ತದೆ. ಸುದ್ದಿ ತಿಳಿದು ನಾನೂ ಹೋದೆ.

ಹಸಿ ಮಣ್ಣಿನ ವಾಸನೆ ಇನ್ನೂ ಬಿಡದ ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಹೆಳವ ಪುಸ್ತಕ ಬಿಚ್ಚಿದನೇ ಹೊರತು ಹೆಚ್ಚು ಹೊತ್ತು ಅದನ್ನು ನೋಡಲಿಲ್ಲ. ಮೂಲ ಯಾವ ಊರು, ಯಾವ ಬರದಲ್ಲಿ ಆ ಊರು ಬಿಟ್ಟರು, ಮನೆದೇವರು ಯಾರು, ಹೊಳೆದಂಡೆಯ ಹೊಲ ಹಿಡಿದವನು ಯಾರು, ಒಂದೇ ಉಸಿರಿನ ಏರಿಳಿತದಲ್ಲಿ ಹೇಳುತ್ತ ಬಂದ. ನಾಲ್ಕು ಮಂದಿ ಅಣ್ಣತಮ್ಮಂದಿರ ತಲೆಮಾರಿಗೆ ಬಂದಾಗ ಆಯಿ ಕೈಯಲ್ಲಿದ್ದ ಜೋಳದ ಮೊರವನ್ನು ಕೆಳಗಿಟ್ಟರು. ಮೊದಲನೆಯವನ ಹೆಸರು ಬಂತು. ಆ ಹೆಸರು ಆ ಮನೆಯದು, ನಾನಿಲ್ಲಿ ಬರೆಯುವುದಿಲ್ಲ. ಹೆಸರಿನ ಹಿಂದೆಯೇ, "ಪಲ್ಟಣಕ್ಕ ಹೋದಾಂವ, ಲಗ್ನ ಇಲ್ಲ, ಸಂತಾನ ಇಲ್ಲ," ಎಂದು ಹೇಳಿ ಹೆಳವ ಎರಡನೆಯವನಿಗೆ ಹೊರಟ.

"ನಿಂದರಪಾ," ಅಂದರು ಆಯಿ. "ಅವನ ಹೆಸರ ಇನ್ನೊಮ್ಮೆ ಹೇಳು."

ಹೆಳವ ಗಂಟೆಯನ್ನು ಒಂದು ಸಲ ಬಾರಿಸಿ, ಇನ್ನೊಮ್ಮೆ ಹೇಳಿದ.