ತೆರೆದ ಬೀದಿ, ಮುಚ್ಚಿದ ಬಾಗಿಲು

ಜಾಲತಾಣಕ್ಕೆ ಹೋಗಿ, ಅಲ್ಲಿನ ಜಾಹೀರಾತುಗಳನ್ನು ತಡೆದು, ಲೇಖನವನ್ನಷ್ಟೇ ಓದಿಕೊಂಡು ಬರುವುದು ಕಳ್ಳತನವೇ? ಪ್ರಕಾಶಕರಲ್ಲಿ ಹಲವರು ಹೌದೆನ್ನುತ್ತಾರೆ. ಬರೆಯುವವರಿಗೆ ಸಂಬಳ ಕೊಡಬೇಕು, ಆ ಸಂಬಳ ಜಾಹೀರಾತಿನಿಂದ ಹುಟ್ಟಬೇಕು, ಅದನ್ನು ನೋಡದೆ ಓದಿದವನು ಬೆಲೆ ತೆರದೆ ಸರಕು ಒಯ್ದವನೇ ಎಂಬುದು ಅವರ ವಾದ. ಜರ್ಮನಿಯ ದೊಡ್ಡ ಪತ್ರಿಕಾ ಸಂಸ್ಥೆ ಆಕ್ಸೆಲ್ ಸ್ಪ್ರಿಂಗರ್ ಇದೇ ಅಸಮಾಧಾನದಿಂದ ಆಡ್‌ಬ್ಲಾಕ್ ಪ್ಲಸ್ ತಂತ್ರಾಂಶದ ಕಂಪನಿಯನ್ನು ವರ್ಷಗಟ್ಟಲೆ ಕೋರ್ಟಿಗೆಳೆಯಿತು. 2018ರ ಏಪ್ರಿಲ್‌ನಲ್ಲಿ ಆ ದೇಶದ ಅತ್ಯುನ್ನತ ಸಿವಿಲ್ ನ್ಯಾಯಾಲಯ ಇದು ಅನ್ಯಾಯದ ಪೈಪೋಟಿಯಲ್ಲ, ತಡೆಯುವುದೂ ಬಿಡುವುದೂ ಓದುಗನಿಗೆ ಸೇರಿದ್ದು ಎಂದಿತು. ಕೃತಿಸ್ವಾಮ್ಯದ ಇನ್ನೊಂದು ವ್ಯಾಜ್ಯ ಆಮೇಲೂ ಮುಂದುವರಿಯಿತು. ಆದರೆ ಕೋರ್ಟು ತೀರ್ಮಾನಿಸಿದ್ದು ಇಬ್ಬರು ವ್ಯಾಪಾರಿಗಳ ನಡುವಿನ ಜಗಳವನ್ನು. ಓದುಗನ ಮನಸ್ಸಾಕ್ಷಿಯ ಪ್ರಶ್ನೆ ಅದರಿಂದ ಬಗೆಹರಿಯದು. ಕಾನೂನು ಸುಮ್ಮನಿದ್ದ ಮಾತ್ರಕ್ಕೆ ಮಾಡಿದ್ದೆಲ್ಲ ಸರಿ ಎಂದು ನಮ್ಮ ಯಾವ ಧರ್ಮವೂ ಹೇಳಿಲ್ಲ.

ಕಳ್ಳತನ ಕೂಡದೆಂಬ ವಿಷಯದಲ್ಲಿ ಈ ನೆಲದ ಪರಂಪರೆಗಳಿಗೆ ಭಿನ್ನಾಭಿಪ್ರಾಯವಿಲ್ಲ. ಯೋಗಸೂತ್ರದ ಯಮಗಳಲ್ಲಿ ಅಸ್ತೇಯ ಮೂರನೆಯದು, ಬೌದ್ಧರ ಪಂಚಶೀಲದಲ್ಲಿ ಅದು ಎರಡನೆಯದು. ಅಂತರಂಗ ಬಹಿರಂಗ ಶುದ್ಧಿಯನ್ನು ಹೇಳುವ ಬಸವಣ್ಣನವರ ಪ್ರಸಿದ್ಧ ವಚನ ಶುರುವಾಗುವುದೇ ಕಳ್ಳತನದ ನಿಷೇಧದಿಂದ. ಆದರೆ ಕದಿಯುವುದೆಂದರೆ ಏನೆಂದು ಪಟ್ಟುಹಿಡಿದು ಗೆರೆ ಎಳೆದವರು ಜೈನರು. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಪ್ರಕಾರ, ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳ್ಳತನ. ವಸ್ತುವಿನ ಬೆಲೆಯೆಷ್ಟು, ಕಳೆದುಕೊಂಡವನಿಗೆ ಅದು ಗೊತ್ತಾಯಿತೇ ಎಂಬುದೆಲ್ಲ ಆ ಲಕ್ಷಣದ ಹೊರಗೇ ಉಳಿಯುತ್ತದೆ. ಹಳಗನ್ನಡದ ಜೈನ ಕವಿಗಳು ಗೌರವದಿಂದ ನೆನೆಯುವ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಇದಕ್ಕೆ ತಾವೇ ಒಂದು ತಕರಾರು ಎತ್ತುತ್ತಾರೆ. ಭಿಕ್ಷೆಗೆ ಹೊರಟ ಮುನಿ ಊರಬೀದಿಯಲ್ಲಿ ನಡೆಯುತ್ತಾನೆ, ದ್ವಾರಗಳನ್ನು ದಾಟುತ್ತಾನೆ. ಅವನ್ನು ಯಾರೂ ಅವನಿಗೆ ಕೊಟ್ಟಿಲ್ಲವಲ್ಲ, ಹಾಗಾದರೆ ಅವನೂ ಕಳ್ಳನೇ? ಅಲ್ಲ, ಅವು ಎಲ್ಲರಿಗೂ ಬಿಟ್ಟವು ಎಂಬುದು ಅವರ ಉತ್ತರ. ಮುಚ್ಚಿದ ಬಾಗಿಲೊಳಗೆ ಮಾತ್ರ ಮುನಿ ಕಾಲಿಡುವುದಿಲ್ಲ, ಏಕೆಂದರೆ ಅದು ಬಿಟ್ಟದ್ದಲ್ಲ. ಇನ್ನೂ ಎರಡು ಮಾತು ಆ ಚರ್ಚೆಯಲ್ಲಿವೆ. ಕೊಡುವುದು, ತೆಗೆದುಕೊಳ್ಳುವುದು ಎಲ್ಲಿ ಸಾಧ್ಯವೋ ಅಲ್ಲಿ ಮಾತ್ರ ಕಳ್ಳತನದ ಪ್ರಶ್ನೆ ಏಳುತ್ತದೆ. ಮತ್ತು ತೆಗೆದುಕೊಂಡವನಲ್ಲಿ ಪ್ರಮಾದವಿರಬೇಕು, ಅಂದರೆ ಲೋಭ ಮೊದಲಾದ ಕಷಾಯಗಳಿಗೆ (ಮನಸ್ಸಿನ ಕಲ್ಮಷಗಳಿಗೆ) ಸಿಕ್ಕು ಎಚ್ಚರ ತಪ್ಪಿದ ಮನಸ್ಸಿರಬೇಕು. ಈ ಮೂರು ಅಳತೆಗೋಲು ಕೈಯಲ್ಲಿದ್ದರೆ ಇವತ್ತಿನ ಜಗಳವನ್ನೂ ಅಳೆಯಬಹುದು.

ಮೊದಲು ಓದುಗನನ್ನೇ ಕಟಕಟೆಗೆ ತರೋಣ. ಜಾಲತಾಣವೊಂದು ತನ್ನ ಪುಟವನ್ನು ಕೇಳಿದವರಿಗೆಲ್ಲ ಕಳಿಸುತ್ತದೆ. ಹೆಸರು ಕೇಳುವುದಿಲ್ಲ, ಹಣ ಕೇಳುವುದಿಲ್ಲ, ಸರ್ಚ್ ಎಂಜಿನ್ನಿನ ಮೂಲಕ ದಾರಿಹೋಕರನ್ನು ತಾನೇ ಕರೆಯುತ್ತದೆ. ಇದು ಬಿಟ್ಟ ಬೀದಿ. ಪುಟದ ಜೊತೆ ಬಂದ ಸೂಚನೆಗಳಲ್ಲಿ ಯಾವುದನ್ನು ತನ್ನ ಯಂತ್ರ ಪಾಲಿಸಬೇಕು, ಯಾವುದನ್ನು ಪಾಲಿಸಬಾರದು ಎಂದು ಓದುಗ ತೀರ್ಮಾನಿಸಿದರೆ ಅವನು ಕೊಡದೆ ಇದ್ದುದನ್ನೇನೂ ತೆಗೆದುಕೊಂಡಂತಾಗುವುದಿಲ್ಲ. ಓದುವುದಕ್ಕೆ ಬದಲಾಗಿ ನೋಡಬೇಕೆಂಬ ಒಪ್ಪಂದ ಮಾತಿಲ್ಲದೆಯೇ ಆಗಿರುತ್ತದೆ ಎಂಬ ಆಕ್ಷೇಪವುಂಟು. ಒಪ್ಪಂದವಾಗಬೇಕಾದರೆ ಷರತ್ತು ಏನೆಂದು ಇಬ್ಬರಿಗೂ ಮೊದಲೇ ತಿಳಿದಿರಬೇಕು. ಇಲ್ಲಿ ಪುಟ ತೆರೆಯುವ ತನಕ ಏನು ಎದುರಾಗುತ್ತದೆಂದು ಓದುಗನಿಗಿರಲಿ, ಎಷ್ಟೋ ಸಲ ಪ್ರಕಾಶಕನಿಗೇ ಗೊತ್ತಿರುವುದಿಲ್ಲ. ಆದರೆ ಇದೇ ಅಳತೆಗೋಲು ಓದುಗನಿಗೆ ಚುಚ್ಚುವ ಜಾಗವೂ ಒಂದಿದೆ. ಚಂದಾದಾರರಿಗೆ ಮಾತ್ರ ಎಂದು ಬೀಗ ಹಾಕಿದ ಲೇಖನವನ್ನು ಉಪಾಯದಿಂದ ತೆರೆಯುವುದು, ಗೆಳೆಯನ ಪಾಸ್‌ವರ್ಡಿನಿಂದ ಹತ್ತು ಜನ ಓದುವುದು, ಇಡೀ ಪತ್ರಿಕೆಯ ಪಿಡಿಎಫ್ ಅನ್ನು ಬೆಳಗಾಗುವ ಮೊದಲೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, ಇವೆಲ್ಲ ಮುಚ್ಚಿದ ಬಾಗಿಲೊಳಗೆ ಹೊಕ್ಕಂತೆ. ಆಡ್‌ಬ್ಲಾಕರ್ ಹಾಕಿದವನನ್ನು ಕಳ್ಳನೆಂದು ಕರೆಯುವ ನಾವು ಈ ಪಿಡಿಎಫ್ ಹಂಚುವವನನ್ನು ಉಪಕಾರಿ ಎನ್ನುತ್ತೇವೆ. ಇದು ತಲೆಕೆಳಗಾದ ನೀತಿ.

ಈಗ ಜಾಹೀರಾತನ್ನು ಕಟಕಟೆಗೆ ತರಬೇಕು. 1994ರ ಅಕ್ಟೋಬರಿನಲ್ಲಿ ಹಾಟ್‌ವೈರ್ಡ್ ತಾಣದಲ್ಲಿ ಬ್ಯಾನರ್ ಜಾಹೀರಾತುಗಳು ಮೊದಲ ಬಾರಿಗೆ ಕಾಣಿಸಿಕೊಂಡಾಗ ಅವು ಸುಮ್ಮನೆ ಚಿತ್ರಗಳು. ಅದೇ ವರ್ಷ ನೆಟ್‌ಸ್ಕೇಪ್‌ನಲ್ಲಿ ಕುಕಿ ಹುಟ್ಟಿತು, ಮರುವರ್ಷ ಜಾವಾಸ್ಕ್ರಿಪ್ಟ್ ಬಂತು. ಇವೆರಡೂ ಜಾಹೀರಾತಿಗಾಗಿ ಹುಟ್ಟಿದವಲ್ಲ, ಆದರೆ ಇವುಗಳಿಂದಾಗಿ ಪುಟಕ್ಕೆ ನೆನಪೂ ಕೈಕಾಲೂ ಬಂದವು. ಇವತ್ತು ಸುದ್ದಿಯ ಪುಟವೊಂದನ್ನು ತೆರೆದಾಗ ಆ ಪತ್ರಿಕೆಯ ಸರ್ವರ್ ಜೊತೆಗೆ ಓದುಗ ಹೆಸರೂ ಕೇಳದ ಹಲವು ಕಂಪನಿಗಳ ಸ್ಕ್ರಿಪ್ಟುಗಳು ಅವನ ಯಂತ್ರದಲ್ಲಿ ಓಡತೊಡಗುತ್ತವೆ. ಪುಟ ಪೂರ್ತಿ ಮೂಡುವ ಮೊದಲೇ, ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ, ಅವನ ಕಣ್ಣೆದುರಿನ ಖಾಲಿ ಜಾಗಕ್ಕೆ ಹರಾಜು ನಡೆದುಹೋಗುತ್ತದೆ. ಅವನು ಏನು ಓದುತ್ತಿದ್ದಾನೆ, ಸುಮಾರು ಯಾವ ಊರಿನಲ್ಲಿದ್ದಾನೆ, ಯಾವ ಫೋನು, ಹಿಂದೆ ಎಲ್ಲೆಲ್ಲಿ ಅಡ್ಡಾಡಿದ ಎಂಬ ವಿವರಗಳು ಆ ಹರಾಜಿನಲ್ಲಿ ಕೂಗುವವರಿಗೆಲ್ಲ ಹೋಗುತ್ತವೆ. ಗೆದ್ದವನು ಜಾಹೀರಾತು ತೋರಿಸುತ್ತಾನೆ. ಸೋತವನಿಗೂ ವಿವರ ಸಿಕ್ಕಿರುತ್ತದೆ. ಓದುಗ ಬಾಗಿಲು ತೆರೆದದ್ದು ಒಂದು ವಿಳಾಸಕ್ಕೆ, ಒಳಬಂದವರು ಯಾರ್ಯಾರೋ.

ಕೊಡದೆ ಇದ್ದುದನ್ನು ತೆಗೆದುಕೊಳ್ಳದಿರುವ ವ್ರತಕ್ಕೆ ಒದಗುವ ಐದು ಅತಿಚಾರಗಳನ್ನೂ, ಅಂದರೆ ಲೋಪಗಳನ್ನೂ, ತತ್ತ್ವಾರ್ಥಸೂತ್ರ ಹೇಳುತ್ತದೆ. ಕದಿಯಲು ಪ್ರೇರೇಪಿಸುವುದು ಮತ್ತು ರಾಜ್ಯದ ಕಟ್ಟಳೆ ಮೀರುವುದನ್ನು ಇಲ್ಲಿ ಬಿಡೋಣ. ಕದ್ದು ತಂದದ್ದನ್ನು ಕೊಳ್ಳುವುದು, ಅಳತೆ ತೂಕದಲ್ಲಿ ಮೋಸ, ಅಸಲಿಯೆಂದು ನಕಲಿಯನ್ನು ದಾಟಿಸುವುದು, ಈ ಮೂರು ಇವತ್ತಿಗೂ ಬಾಡಿಲ್ಲ. ತಾನು ಯಾರನ್ನೂ ಹಿಂಬಾಲಿಸಿಲ್ಲ, ಬೇರೆಯವರು ಕಲೆಹಾಕಿದ ಮಾಹಿತಿಯನ್ನು ಕೊಂಡೆನಷ್ಟೇ ಎನ್ನುವ ಜಾಹೀರಾತುದಾರನ ನೆಪಕ್ಕೆ ಮೊದಲನೆಯದರಲ್ಲಿ ಉತ್ತರವಿದೆ. ಮನುಷ್ಯರು ನೋಡದ ಜಾಹೀರಾತಿಗೆ ಬಾಟ್‌ಗಳ ಕೈಯಲ್ಲಿ ಕ್ಲಿಕ್ ಮಾಡಿಸಿ ಲೆಕ್ಕ ತೋರಿಸುವವರು ಅಳತೆಯ ಮೋಸದವರು. ಅವರು ದೋಚುವುದು ಜಾಹೀರಾತುದಾರನನ್ನೇ. ಮೂರನೆಯದಂತೂ ಪ್ರತಿದಿನದ ಅನುಭವ: ಡೌನ್‌ಲೋಡ್ ಗುಂಡಿಯ ವೇಷ ಹಾಕಿದ ಜಾಹೀರಾತು, ನಿಮ್ಮ ಫೋನಿಗೆ ವೈರಸ್ ತಗುಲಿದೆಯೆಂದು ಹೆದರಿಸುವ ಕಿಟಕಿ, ಮುಚ್ಚುವ ಗುರುತಿನ ಮೇಲೆ ಒತ್ತಿದರೆ ಇನ್ನೊಂದು ತಾಣ ತೆರೆಯುವ ಹಂಚಿಕೆ. ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಇಂಥ 13 ಬಗೆಯ ವಂಚಕ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಮರೆಮಾಚಿದ ಜಾಹೀರಾತು, ಬಿಡದೆ ಕಾಡುವುದು, ವೈರಸ್ಸಿನ ಸುಳ್ಳು ಎಚ್ಚರಿಕೆ ಅದರಲ್ಲಿವೆ. ಸರ್ಕಾರದ ಪಟ್ಟಿಯನ್ನೂ ಸೂತ್ರದ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಮನುಷ್ಯನ ಕೈಚಳಕ ಅಷ್ಟೇನೂ ಬೆಳೆದಿಲ್ಲ ಅನ್ನಿಸುತ್ತದೆ.

ಮುಚ್ಚಿದ ಬಾಗಿಲಿನ ಮಾತಿಗೆ ಅಕ್ಷರಶಃ ಹೊಂದುವ ಪ್ರಕರಣವೂ ದಾಖಲೆಯಲ್ಲಿದೆ. ಲೆನೊವೊ ಕಂಪನಿ ಹಲವು ಲ್ಯಾಪ್‌ಟಾಪ್‌ಗಳನ್ನು ಸೂಪರ್‌ಫಿಶ್ ಎಂಬ ಆಡ್‌ವೇರ್ ಸಮೇತವೇ ಮಾರಿತ್ತು. ಬ್ಯಾಂಕಿನಂಥ ತಾಣಗಳೊಂದಿಗಿನ ನಮ್ಮ ಮಾತುಕತೆ ಗೂಢಲಿಪಿಯಲ್ಲಿ ನಡೆಯುತ್ತದೆ, ನಡುವೆ ಯಾರೂ ಓದಲಾಗದು. ಸೂಪರ್‌ಫಿಶ್ ತನ್ನದೇ ಮೂಲ ಪ್ರಮಾಣಪತ್ರವನ್ನು ಯಂತ್ರದಲ್ಲಿ ನೆಟ್ಟು ಆ ಮಾತುಕತೆಯನ್ನೂ ಬಿಚ್ಚಿ, ನಡುವೆ ಜಾಹೀರಾತು ತೂರಿಸುತ್ತಿತ್ತು. ಎಲ್ಲ ಯಂತ್ರಗಳಲ್ಲೂ ಬೀಗದ ಕೈ ಒಂದೇ; ಅದನ್ನು ಪತ್ತೆಹಚ್ಚಿದ ಯಾವ ಕಳ್ಳನಾದರೂ ಆ ಎಲ್ಲರ ನಡುವೆ ನುಸುಳಬಹುದಿತ್ತು. 2015ರ ಫೆಬ್ರುವರಿಯಲ್ಲಿ ಇದು ಬಯಲಾಯಿತು. 2017ರಲ್ಲಿ ಅಮೆರಿಕದ 32 ರಾಜ್ಯಗಳೊಂದಿಗೆ ಕಂಪನಿ 35 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ವಸ್ತುಗಳನ್ನು ಹುಡುಕಿ ಕೊಡುವ ಅನುಕೂಲವೆಂದು ಸೂಪರ್‌ಫಿಶ್ ಅನ್ನು ಸೇರಿಸಿದ್ದಾಗಿತ್ತು. ಕೇಡು ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ ಎಂದೇ ಒಪ್ಪೋಣ.

ಉದ್ದೇಶವಿರಲಿಲ್ಲ ಎಂಬ ಈ ಸಮರ್ಥನೆಯನ್ನು ಜಾಹೀರಾತಿನ ಲೋಕ ಮತ್ತೆ ಮತ್ತೆ ಹೇಳುತ್ತದೆ. ಪ್ರಮಾದದ ವಿಚಾರ ಇಲ್ಲಿ ನೆರವಿಗೆ ಬರುತ್ತದೆ. 2016ರ ಮಾರ್ಚಿನಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿಯಂಥ ತಾಣಗಳ ಜಾಹೀರಾತು ಜಾಗದಲ್ಲಿ, ಓದುಗರ ಯಂತ್ರವನ್ನು ಒತ್ತೆಯಿಟ್ಟು ಹಣ ಕೇಳುವ ತಂತ್ರಾಂಶದ ಕಡೆ ಒಯ್ಯುವ ಜಾಹೀರಾತುಗಳು ಬಂದವು. ಸಂಪಾದಕರು ಅವನ್ನು ಆರಿಸಿರಲಿಲ್ಲ, ನೋಡಿಯೂ ಇರಲಿಲ್ಲ. ನೋಡದೆ ಜಾಗ ಬಿಟ್ಟುಕೊಡುವುದೇ ಆ ವ್ಯವಸ್ಥೆಯ ಕ್ರಮ. ತನ್ನ ಪುಟದಲ್ಲಿ ಯಾರ ಸ್ಕ್ರಿಪ್ಟ್ ಓಡುತ್ತಿದೆಯೆಂದು ತಿಳಿಯದೆ, ಹಣ ಬರುತ್ತಿರುವಷ್ಟು ಕಾಲ ತಿಳಿಯುವ ಗೋಜಿಗೂ ಹೋಗದೆ ಇರುವುದನ್ನು ಲೋಭದಿಂದ ಎಚ್ಚರ ತಪ್ಪಿದ ಮನಸ್ಸು ಎನ್ನದೆ ಇನ್ನೇನೆನ್ನಬೇಕು? 2022ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಬಿಐ, ಸರ್ಚ್ ಜಾಹೀರಾತಿನ ಮೂಲಕ ನಡೆಯುವ ವಂಚನೆಗಳ ಬಗ್ಗೆ ಎಚ್ಚರಿಸುತ್ತ, ಆಡ್‌ಬ್ಲಾಕರ್ ಬಳಸುವಂತೆ ಜನರಿಗೆ ಸಲಹೆ ಕೊಟ್ಟಿತು. ಪೊಲೀಸರೇ ಹೇಳುವ ಮುಂಜಾಗ್ರತೆಯನ್ನು ಕಳ್ಳತನವೆನ್ನುವುದು ಕಷ್ಟ.

ಗಮನವೆಂಬುದು ವಸ್ತುವಲ್ಲ, ಅದನ್ನು ಕದಿಯುವುದು ಹೇಗೆ ಎಂಬ ತಾತ್ತ್ವಿಕ ಆಕ್ಷೇಪ ಇದಕ್ಕಿಂತ ಗಟ್ಟಿ. ಪೂಜ್ಯಪಾದರ ಕಟ್ಟು ಇಲ್ಲೂ ಕೆಲಸಕ್ಕೆ ಬರುತ್ತದೆ: ಕೊಡಲೂ ಕೊಡದಿರಲೂ ಬರುವುದಾದರೆ ಅದು ಅಸ್ತೇಯದ ವ್ಯಾಪ್ತಿಯೊಳಗಿನದು. ಗಮನವನ್ನು ನಾವು ಕೊಡುತ್ತೇವೆ, ಹಿಂತೆಗೆಯುತ್ತೇವೆ. ಮಾಹಿತಿ ಹೆಚ್ಚಿದಷ್ಟೂ ಗಮನ ಬಡವಾಗುತ್ತದೆಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲೇ ಗುರುತಿಸಿದ್ದರು. ಅದು ಮಾರಾಟಕ್ಕೆ ಬರುತ್ತದೆಂದು ಹರಾಜು ಹಾಕುವವರೇ ದಿನವೂ ಸಾಬೀತು ಮಾಡುತ್ತಿದ್ದಾರೆ; ಮಾರುವಾಗ ಸರಕು, ದೂರು ಬಂದಾಗ ಗಾಳಿ ಎನ್ನಲಾಗದು. ಅಲ್ಲದೆ ಹೋಗುವುದು ಗಮನವೊಂದೇ ಅಲ್ಲ. 2017ರಿಂದ 2019ರವರೆಗೆ ನಡೆದ ಕಾಯಿನ್‌ಹೈವ್ ಎಂಬ ಸೇವೆಯ ಸ್ಕ್ರಿಪ್ಟ್ ಅನ್ನು ಪುಟಕ್ಕೆ ಸೇರಿಸಿದರೆ ಓದುಗನ ಯಂತ್ರ ಮೊನೆರೊ ಎಂಬ ಡಿಜಿಟಲ್ ನಾಣ್ಯಕ್ಕಾಗಿ ದುಡಿಯುತ್ತಿತ್ತು. ಎಷ್ಟೋ ತಾಣಗಳಲ್ಲಿ ಓದುಗನಿಗೆ ಹೇಳದೆಯೇ. ಕರೆಂಟು ಅವನದು, ಬ್ಯಾಟರಿ ಅವನದು, ನಾಣ್ಯ ಇನ್ನೊಬ್ಬನದು.

ಮನಸ್ಸನ್ನು ಹಿಡಿತದಲ್ಲಿಟ್ಟುಕೊಂಡವನಿಗೆ ಜಾಹೀರಾತು ಏನು ಮಾಡೀತು, ತಡೆಯುವ ತಂತ್ರಾಂಶಕ್ಕಿಂತ ಇಂದ್ರಿಯನಿಗ್ರಹ ಮೇಲಲ್ಲವೇ ಎಂದು ಸಾಧಕರು ಕೇಳಬಹುದು. ಮೇಲೇ. ಆದರೆ ಪ್ರಯತ್ನಶೀಲನಾದ ವಿವೇಕಿಯ ಮನಸ್ಸನ್ನೂ ಇಂದ್ರಿಯಗಳು ಬಲವಂತವಾಗಿ ಸೆಳೆಯುತ್ತವೆಂದು ಗೀತೆಯ ಎರಡನೆಯ ಅಧ್ಯಾಯವೇ ಎಚ್ಚರಿಸುತ್ತದೆ. ಕಳೆದುಕೊಂಡವನ ಸ್ಥೈರ್ಯದಿಂದ ಕದ್ದವನ ದೋಷ ಕಡಿಮೆಯಾಗುವುದೂ ಇಲ್ಲ. ಮುದ್ರಿತ ಪತ್ರಿಕೆಯಲ್ಲೂ ಜಾಹೀರಾತಿದೆಯಲ್ಲ ಎಂಬ ಪ್ರಶ್ನೆಗೆ ಉತ್ತರ ಸುಲಭ: ಅದು ಓದುವವನನ್ನು ತಿರುಗಿ ಓದುವುದಿಲ್ಲ. ಒಪ್ಪಿಗೆಯ ಗುಂಡಿ ಒತ್ತಿದ್ದೀರಲ್ಲ ಎನ್ನುವವರು ನಮ್ಮದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ನೋಡಲಿ. ಒಪ್ಪಿಗೆ ಸ್ವತಂತ್ರವಾಗಿ, ನಿರ್ದಿಷ್ಟವಾಗಿ, ತಿಳಿದು, ಷರತ್ತಿಲ್ಲದೆ, ಸಂದಿಗ್ಧವಿಲ್ಲದೆ ಕೊಟ್ಟದ್ದಾಗಿರಬೇಕೆಂದು ಅದು ಹೇಳುತ್ತದೆ. ಒಪ್ಪುವ ಗುಂಡಿ ಹೊಳೆಯುತ್ತ ಮುಂದೆ ನಿಂತು, ಒಪ್ಪದಿರುವ ದಾರಿ ನಾಲ್ಕು ಪುಟಗಳ ಹಿಂದೆ ಅಡಗಿರುವಲ್ಲಿ ಕೊಟ್ಟದ್ದೇನೂ ಇಲ್ಲ, ಕಸಿದದ್ದು ಮಾತ್ರ ಇದೆ.

ಉಳಿದದ್ದು ಹೊಟ್ಟೆಪಾಡಿನ ಆಕ್ಷೇಪ. ಎಲ್ಲರೂ ತಡೆದರೆ ಬರೆಯುವವರು ಬದುಕುವುದು ಹೇಗೆ? ಇದಕ್ಕೆ ಚುರುಕಾದ ಉತ್ತರ ಕೊಟ್ಟು ಜಾರಿಕೊಳ್ಳುವುದು ಅಪ್ರಾಮಾಣಿಕತೆ. ಜಾಹೀರಾತಿನ ಹಣದ ಮೇಲೆ ನಿಂತ ಸರ್ಚ್ ಎಂಜಿನ್ ಜಾಹೀರಾತುದಾರರ ಕಡೆಗೇ ವಾಲುತ್ತದೆಂದು 1998ರ ಪ್ರಬಂಧದಲ್ಲಿ ಬರೆದವರು ಗೂಗಲ್ಲಿನ ಸ್ಥಾಪಕರಾದ ಬ್ರಿನ್ ಮತ್ತು ಪೇಜ್. ಎರಡು ವರ್ಷಕ್ಕೆ ಅವರೂ ಅದೇ ಹಾದಿ ಹಿಡಿದರು. ಆಡ್‌ಬ್ಲಾಕ್ ಪ್ಲಸ್ ಕೂಡ ದೊಡ್ಡ ಕಂಪನಿಗಳಿಂದ ಹಣ ಪಡೆದು 'ಸಹ್ಯ' ಜಾಹೀರಾತುಗಳನ್ನು ಒಳಬಿಡುತ್ತದೆ. ಹಣದ ಒತ್ತಡ ಅಷ್ಟು ದೊಡ್ಡದು. ಆದರೆ ಜೀವನೋಪಾಯದ ಅಗತ್ಯ ಕೊಡದೆ ತೆಗೆದುಕೊಂಡದ್ದನ್ನು ಕೊಟ್ಟದ್ದಾಗಿ ಮಾಡಲಾರದು. ಓದುಗನ ಮೇಲೆ ಮಾತ್ರ ಅದು ಬೇರೊಂದು ಹೊಣೆ ಹೊರಿಸುತ್ತದೆ. ಕದಿಯದಿರುವುದಕ್ಕೆ ನಿಲ್ಲುವ ನೀತಿ ಅರ್ಧದ್ದು. ಗೃಹಸ್ಥನಿಗೆ ಜೈನರು ದಾನವನ್ನು, ಶರಣರು ದಾಸೋಹವನ್ನು ವಿಧಿಸಿದ್ದು ಅದಕ್ಕೇ. ಚಿಕ್ಕ ಕನ್ನಡ ತಾಣಗಳಿಗೆ ಈ ಮಾತು ಹೆಚ್ಚು ಸಲ್ಲುತ್ತದೆ. ಅವುಗಳ ಓದುಗರು ಕಡಿಮೆ, ಹರಾಜಿನಲ್ಲಿ ಅವುಗಳ ಜಾಗಕ್ಕೆ ಸಿಗುವುದು ಪುಡಿಗಾಸು.

ಆದ್ದರಿಂದ ಹಿಂಬಾಲಿಸುವ ಸ್ಕ್ರಿಪ್ಟುಗಳನ್ನು ಅಳುಕಿಲ್ಲದೆ ತಡೆಯಿರಿ. ಬೀಗ ಹಾಕಿದ ಲೇಖನದ ಬೀಗ ಒಡೆಯಬೇಡಿ. ತಿಂಗಳಿಗೆ ನಾಲ್ಕು ಸಲ ಓದುವ ಕನ್ನಡ ತಾಣವೋ ಪತ್ರಿಕೆಯೋ ಇದ್ದರೆ ಅದರ ಚಂದಾ ಎಷ್ಟೆಂದು ನೋಡಿ, ಈ ತಿಂಗಳೇ ಕಟ್ಟಿ.